ಸರಾಸರಿ ವೋಲ್ಟೇಜು

ನಮ್ಮ ಚಾಮರಾಜಪೇಟೆಯ ಬೀದಿಯಲ್ಲಿ ಎಣ್ಣೆ ಗಿರಣಿಯೊಂದಿತ್ತು. ಹಗಲೆಲ್ಲ ಕರೆಂಟನ್ನು ಅದೇ ಎಳೆದುಕೊಳ್ಳುತ್ತಿದ್ದರಿಂದ ನಮ್ಮ ಮಿಕ್ಸಿ ತಿರುಗುತ್ತಿರಲಿಲ್ಲ. ದೂರು ಕೊಟ್ಟದ್ದಕ್ಕೆ ವಿದ್ಯುತ್ ಕಚೇರಿಯವರು ಬಂದು ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜು ಏರಿಸಿ ಹೋದರು. ಸಂಜೆ ಗಿರಣಿ ತನ್ನದೇ ಜನರೇಟರಿಗೆ ಬದಲಾಗುತ್ತಲೇ ಏರಿಸಿದ್ದೆಲ್ಲ ನಮ್ಮ ಮನೆಗೆ ನುಗ್ಗಿ, ಅತ್ತೆಯ ಇನ್ಸುಲಿನ್ ಇಟ್ಟಿದ್ದ ಫ್ರಿಜ್ಜು ಸುಟ್ಟುಹೋಯಿತು.

ದಿನವೂ ವೋಲ್ಟೇಜು ಅಳೆದು ಬರೆದಿಟ್ಟಿದ್ದ ಹಾಳೆಯನ್ನು ಕಚೇರಿಗೆ ಒಯ್ದು ಎಂಜಿನಿಯರ ಮುಂದಿಟ್ಟೆ.

“ಹಗಲು ಕಮ್ಮಿ, ಸಂಜೆ ಜಾಸ್ತಿ. ಸರಾಸರಿ ಕರೆಕ್ಟಾಗಿದೆಯಲ್ಲಮ್ಮ!” ಎಂದರು.

ಗಣಿತದಲ್ಲಿ ಬಿ.ಎಸ್ಸಿ. ಮಾಡಿದವಳಿಗೆ ಸರಾಸರಿಯ ಪಾಠ!

“ಬೆಳಿಗ್ಗೆ ಬೇಯದ ಅನ್ನ, ಸಂಜೆ ಸೀದ ಅನ್ನ ಬಡಿಸಿದ್ರೆ, ಸರಾಸರಿ ಹದವಾಗಿದೆ ಅಂತ ಉಣ್ತೀರೇನ್ರೀ?”

ವೋಲ್ಟೇಜು ಇಳಿಸಲು ಲೈನ್‌ಮನ್ ಹೊರಡುವವರೆಗೂ ನಾನು ಕುರ್ಚಿ ಬಿಡಲಿಲ್ಲ.

“ಇಳಿಸ್ತೀವಿ. ಆಮೇಲೆ ಮಿಕ್ಸಿ ತಿರುಗಲ್ಲ ಅಂತ ಬರ್ಬೇಡಿ,” ಎಂದು ಎಂಜಿನಿಯರು ಗೊಣಗಿದರು.

ಚಟ್ನಿಗೆ ಮನೆಯಲ್ಲಿ ಒರಳುಕಲ್ಲಿದೆ. ಇನ್ಸುಲಿನ್ ತಣ್ಣಗಿಡುವ ಕಲ್ಲು ಎಲ್ಲಿ ಸಿಗುತ್ತದೋ ಅವರೇ ಹೇಳಬೇಕು.