ಉಸಿರು ತುಂಬುವ ಗಾಳಿಯಕ್ಕ

ಬೆಳಕು ಹರಿಯುತ್ತಿದ್ದಂತೆಯೇ ಜೆಟ್ಟಿಯ ತಗಡಿನ ಶೆಡ್ಡಿನಲ್ಲಿ ಗಾಳಿ ತುಂಬುವ ಕಂಪ್ರೆಸರ್ ಗುಡುಗುತ್ತದೆ. ತುಂಬಿದ ಸಿಲಿಂಡರಿನ ತಿರುಪನ್ನು ಕೂದಲೆಳೆಯಷ್ಟು ಸಡಿಲಿಸಿ, ಬುಸ್ಸೆಂದ ಗಾಳಿಗೆ ಆಕೆ ಮೂಗೊಡ್ಡುತ್ತಾರೆ. ಹೊಗೆಯ ವಾಸನೆ ಇಲ್ಲ. ಸರಿ, ಮುಂದಿನದು. ದಿನಕ್ಕೆ ನಲವತ್ತಾರು ಸಿಲಿಂಡರ್. ಡೈವರುಗಳ ಬಾಯಲ್ಲಿ ಆಕೆ ‘ಗಾಳಿಯಕ್ಕ’.

ಈ ಗಾಳಿಯನ್ನು ಬೆನ್ನಿಗೇರಿಸಿಕೊಂಡು ಪ್ರವಾಸಿಗರು ಕಡಲಿನ ಮೂವತ್ತು ಮೀಟರ್ ಆಳಕ್ಕೆ ಇಳಿಯುತ್ತಾರೆ. ಅಲ್ಲಿ ನೂರು ವರ್ಷಗಳ ಹಿಂದೆ ಮುಳುಗಿದ ಉಗಿಹಡಗೊಂದು ಮಗ್ಗುಲಾಗಿ ಮಲಗಿದೆ. ಅದರ ಬಾಯ್ಲರಿನಲ್ಲಿ ಮೀನುಗಳು ಸಂಸಾರ ಹೂಡಿವೆ. ಹಡಗಿನ ಮಾತೆತ್ತಿದರೆ ಗಾಳಿಯಕ್ಕ ಸಿಡುಕುತ್ತಾರೆ. “ಅದಕ್ಕೆ ಮ್ಯೂಸಿಯಂ ಇದೆ, ಬೋರ್ಡಿದೆ. ನಮ್ಮನೆಯವ್ರು ಹೋಗಿ ಒಂಬತ್ತು ವರ್ಷ ಆಯ್ತು. ಅವ್ರಿಗೇನಿದೆ?”

ಪ್ರವಾಸಿಗರಿಗೆ ಹಡಗು ತೋರಿಸುವ ಡೈವರ್ ಆಗಿದ್ದರು ಆಕೆಯ ಗಂಡ. ಅಂದು ಕಂಪ್ರೆಸರಿನ ಪಕ್ಕದಲ್ಲೇ ದೋಣಿಯ ಡೀಸೆಲ್ ಎಂಜಿನ್ ಓಡುತ್ತಿತ್ತು. ಆ ಹೊಗೆಯೇ ಸಿಲಿಂಡರ್ ಸೇರಿತೆಂದು ಜೊತೆಯವರು ಆಮೇಲೆ ಪಿಸುಗುಟ್ಟಿದರು. ನೀರಿನಡಿ ಪ್ರಜ್ಞೆ ತಪ್ಪಿದವರು ಮತ್ತೆ ಕಣ್ಣು ಬಿಡಲಿಲ್ಲ. ಸಾವಿನ ಕಾಗದದಲ್ಲಿ ಬರೆದದ್ದು ‘ಹೃದಯಾಘಾತ’. ಸಿಲಿಂಡರನ್ನು ಯಾರೂ ಪರೀಕ್ಷಿಸಲಿಲ್ಲ. ಸಂಜೆಯೊಳಗೆ ಖಾಲಿ ಮಾಡಿ, ತೊಳೆದು, ಸಾಲಿಗೆ ಸೇರಿಸಿಟ್ಟರು.

“ಅವ್ರ ಎದೆ ಕಲ್ಲಿನ ಹಾಗಿತ್ತು. ಕೆಟ್ಟಿದ್ದು ಗಾಳಿ,” ಎನ್ನುತ್ತಾರೆ ಗಾಳಿಯಕ್ಕ. ಮೂರೇ ತಿಂಗಳಿಗೆ ಅದೇ ಶೆಡ್ಡಿನ ಕೆಲಸ ಹಿಡಿದರು. “‘ಹೋಗಿ ಹೋಗಿ ಅಲ್ಲಿಗೇ ಹೋಗ್ತೀಯೇನೇ?’ ಅಂತ ಅತ್ತೆ ಅತ್ರು. ‘ಅಲ್ಲಿಗೇ ಹೋಗ್ಬೇಕತ್ತೆ’ ಅಂದೆ.”

ಕಳೆದ ತಿಂಗಳು ರಜೆಯ ಗದ್ದಲದಲ್ಲಿ ದೋಣಿಯವನು ಮತ್ತೆ ಎಂಜಿನ್ ಬಂದ್ ಮಾಡದೆ ಶೆಡ್ಡಿನ ಬಾಯಿಗೇ ತಂದು ನಿಲ್ಲಿಸಿದ. ಮೂಗಿಗೆ ಹೊಗೆ ಬಡಿದದ್ದೇ ತಡ, ಗಾಳಿಯಕ್ಕ ಕಂಪ್ರೆಸರ್ ನಿಲ್ಲಿಸಿದರು.

“ಹತ್ತು ನಿಮಿಷ ಮೂಗು ಮುಚ್ಕೊಂಡು ತುಂಬಮ್ಮ,” ಎಂದ ಮಾಲೀಕ.

“ನಾನು ಮುಚ್ಕೋತೀನಿ ಸಾರ್. ಕೆಳಗಿಳಿಯೋರು ಏನ್ ಮುಚ್ಕೋಬೇಕು?”

ಆಗ ಒಟ್ಟಿಗೆ ತುಂಬುತ್ತಿದ್ದ ಹನ್ನೆರಡು ಸಿಲಿಂಡರುಗಳನ್ನು ಎಲ್ಲರೆದುರೇ ಬುಸುಗುಡಿಸಿ ಖಾಲಿ ಮಾಡಿದರು. ನಾಳೆಯಿಂದ ಬರಬೇಡ ಎಂದು ಮಾಲೀಕ ಕೂಗಾಡಿದ. ಪ್ರವಾಸಿ ಹೆಂಗಸೊಬ್ಬಳು ಆ ಗಾಳಿಯನ್ನು ಮೂಸಿದಳು, ಮುಖ ಕಿವುಚಿದಳು, ಸೊಂಟಕ್ಕೆ ಕಟ್ಟಿಕೊಂಡಿದ್ದ ಡೈವಿಂಗ್ ಬೆಲ್ಟ್ ಬಿಚ್ಚಿ ನೆಲಕ್ಕೆಸೆದಳು. ಉಳಿದವರೂ ಬಿಚ್ಚಿದರು. ಮಾಲೀಕನ ದನಿ ಇಳಿಯಿತು. ಮರುದಿನವೇ ಕಂಪ್ರೆಸರಿಗೆ ಗಾಳಿ ಎಳೆಯುವ ಕೊಳವೆ, ಹೊಗೆ ತಾಗದಂತೆ, ಸೂರಿನಾಚೆಗೆ ಏರಿತು. ಆಕೆ ಇಷ್ಟು ವರ್ಷ ಗೋಗರೆದದ್ದು ಈ ಆರಡಿ ಕೊಳವೆಗಾಗಿ!

ಆ ಹಡಗನ್ನು ಒಮ್ಮೆಯಾದರೂ ನೋಡುವ ಆಸೆಯಿಲ್ಲವೇ ಎಂದು ಕೇಳಿದೆ.

“ಆ ತುಕ್ಕು ಕಟ್ಕೊಂಡು ನನಗೇನಾಗ್ಬೇಕು? ನಾನು ತುಂಬಿದ ಗಾಳಿ ಕುಡ್ದು ಕೆಳಗೆ ಹೋದೋರು ಇವತ್ತಿನವರೆಗೂ ಎಲ್ರೂ ಮೇಲೆ ಬಂದಿದಾರೆ. ಬರ್ಕೊಳ್ಳಿ, ಅದನ್ನ ಬರ್ಕೊಳ್ಳಿ.”