ಹಾಲವ್ವ ತಿಕ್ಕಿದ ಎಂಜಿನ್

ಹತ್ತಿಮತ್ತೂರಿನ ಅರಳೆ ವ್ಯಾಪಾರಿ ಗುದ್ಲೆಪ್ಪನ ಮನೆಗೆ ಕಾರು ಬಂದದ್ದು ಎರಡನೇ ಮಹಾಯುದ್ಧ ಶುರುವಾಗುವ ಹಿಂದಿನ ವರ್ಷ. ಅದರ ಮೈ ಒರೆಸುವ ಕೆಲಸವನ್ನು ಅವನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ತಾನು ಕುಡಿದ ಚರಿಗೆಯನ್ನೂ ಎತ್ತಿಡದ ಆ ಮನುಷ್ಯ ಓಣಿಯವರು ಓಡಾಡುವ ಹೊತ್ತಿಗೆ ಸರಿಯಾಗಿ ವಸ್ತ್ರ ಹಿಡಿದು ಕಾರಿನ ಮುಂದೆ ನಿಲ್ಲುತ್ತಿದ್ದ. ಹೆಂಡತಿ ಹಾಲವ್ವ ಅದರಲ್ಲಿ ಒಮ್ಮೆಯೂ ಕೂತಿರಲಿಲ್ಲ.

ಕೂರುವ ದಿನ ಈಗ ಬಂದಿತ್ತು. ಹಿರೇಬೆಂಡಿಗೇರಿಯಲ್ಲಿದ್ದ ತಾಯಿ ಸಿದ್ದವ್ವನಿಗೆ ಕಣ್ಣು ಮಂಜಾಗುತ್ತಿತ್ತು. ಪೂರ್ತಿ ಹೋಗುವ ಮೊದಲು ಮಗಳ ಮುಖ ನೋಡಬೇಕೆಂದು ಹೇಳಿ ಕಳಿಸಿದ್ದಳು. ನವಮಿಯ ದಿನ ಆಯುಧಗಳ ಖಂಡೇಪೂಜೆ ಮುಗಿಸಿ ಕಾರಿನಲ್ಲಿ ಹೋಗಿ, ಮರುದಿನ ಅಲ್ಲೇ ಬನ್ನಿ ಕೊಟ್ಟು ಬರೋಣವೆಂದು ಗುದ್ಲೆಪ್ಪ ಒಪ್ಪಿದ್ದ. ಚಕ್ಕಡಿಯಲ್ಲಾದರೆ ಆತ ಹೊರಡುವವನೇ ಅಲ್ಲ. ಕಾರಿದ್ದವನು ಮಾವನ ಮನೆಗೆ ಎತ್ತು ಹೊಡೆದುಕೊಂಡು ಹೋಗುವುದುಂಟೆ?

ನವಮಿಯ ಬೆಳಿಗ್ಗೆ ಕುಡಗೋಲು, ಕೊಡಲಿ, ತಕ್ಕಡಿ ಎಲ್ಲ ಹಿತ್ತಲಿಗೆ ಬಂದವು. ಪೂಜೆ ಗಂಡಸರದು, ಪೂಜೆಗಿಡುವುದನ್ನು ತಿಕ್ಕುವುದು ಹೆಂಗಸರದು.

"ಕಾರಿಗೂ ಪೂಜಿ ಐತಿ. ಒಳಗೂ ತಿಕ್ಕು ಹಾಲವ್ವಾ. ಮ್ಯಾಲಷ್ಟ ಹೊಳದು ಒಳಗ ಮಸಿ ಇದ್ರ ಅದೆಂಥಾ ಪೂಜಿ?" ಎಂದಳು ಅತ್ತೆ.

ಡ್ರೈವರ್ ನಬೀಸಾಬ ಸವಣೂರಿನಿಂದ ಇನ್ನೂ ಬಂದಿರಲಿಲ್ಲ. ಅವನು ಕೊಂಡಿ ಬಿಚ್ಚುವುದನ್ನು ನೋಡಿದ್ದ ಹಾಲವ್ವ ಬಾನೆಟ್ಟಿನ ಒಂದು ಮಗ್ಗುಲನ್ನು ರೆಕ್ಕೆಯಂತೆ ಎತ್ತಿದಳು. ಎತ್ತಿದ ಕೈ ಹಾಗೇ ನಿಂತಿತು. ಒಂದರೊಳಗೊಂದು ಹೊಕ್ಕ ಕೊಳವೆಗಳು, ತಂತಿಗಳು, ಚಕ್ರ. ಎಲ್ಲದರ ಮೇಲೂ ಎಣ್ಣೆ, ಧೂಳು, ಮಸಿ. ಅವಳ ಅಡುಗೆಮನೆಯ ಗೋಡೆಗಿದ್ದ ಜಿಡ್ಡೇ ಇದು.

"ಅಯ್ಯ ನಮ್ಮವ್ವಾ, ಇದನ್ನೆಲ್ಲಾ ಎಳಿಯಾಕಿ ನೀನ ಏನ!" ಎಂದಳು. ಬೇರೆ ಯಾರಿಗೂ ಕೇಳಿಸಬಾರದೆಂಬಂತೆ, ಎಂಜಿನ್ನಿಗೆ ಮೆಲ್ಲಗೆ.

ಬೂದಿ, ಹುಣಸೆಹಣ್ಣು, ತೆಂಗಿನ ನಾರು. ಕಪ್ಪು ಕಳೆದಂತೆ ಹಿತ್ತಾಳೆಯ ಕೊಳವೆಯೊಂದು ಬಂಗಾರದ ಹಾಗೆ ಹೊರಬಿತ್ತು. ಮತ್ತೆ ತಿಕ್ಕಿದಳು, ಮತ್ತೊಂದು ಹೊಳೆಯಿತು. ಊಟದ ನೆನಪೇ ಆಗಲಿಲ್ಲ. ತಿಕ್ಕಿದ್ದನ್ನು ತೊಳೆಯದೆ ಬಿಡುವ ರೂಢಿ ಅವಳಿಗಿರಲಿಲ್ಲ. ಕೊಡ ಎತ್ತಿ ನೀರು ಸುರಿದಳು.

ಪೂಜೆಯಾಯಿತು. ನಬೀಸಾಬ ಬಂದು ಕಾರು ಚಾಲೂ ಮಾಡಲು ಮುಂದಿನ ಹ್ಯಾಂಡಲ್ ತಿರುಗಿಸಿದ. ಕಾರು ಕೆಮ್ಮಲೂ ಇಲ್ಲ. ಬಾನೆಟ್ ಎತ್ತಿ ನೋಡಿ ಕಣ್ಣರಳಿಸಿದ.

"ಅವ್ವಾರ, ಇದಕ್ಕ ಜಳಕಾ ಮಾಡ್ಸೀರೇನ್ರಿ?"

"ಹ್ಞೂಂ ಮತ್ತ. ಹಬ್ಬ ಅಲ್ಲೇನು?"

ಗುದ್ಲೆಪ್ಪ ಸಿಡಿದ. "ಚರಿಗಿ ತಿಕ್ಕಿದಂಗ ತಿಕ್ಯಾಳ! ನಡಿ ಒಳಗ. ತವರಮನಿನೂ ಬ್ಯಾಡ, ಏನೂ ಬ್ಯಾಡ."

ಹಾಲವ್ವ ಒಳಗೆ ಹೋಗಲಿಲ್ಲ. ತಾಯಿಯ ಕಣ್ಣು ಇನ್ನೊಂದು ಹಬ್ಬದವರೆಗೆ ಕಾಯುವುದಿಲ್ಲವೆಂದು ಗೊತ್ತಿತ್ತು. "ಏನಾಗೇತಿ ಹೇಳು ನಬೀಸಾಬ" ಎಂದಳು.

ಅವನು ಬಟ್ಟಲಿನಂಥ ಕರಿ ಮುಚ್ಚಳವೊಂದನ್ನು ತೆಗೆದು ತೋರಿಸಿದ. ಒಳಗೆ ನೀರ ಹನಿ. "ಇಲ್ಲಿಂದ ಕಿಡಿ ಹೋಗಬೇಕ್ರಿ. ಹಸಿ ಇದ್ರ ಹೋಗಂಗಿಲ್ಲ."

"ಒಲಿನೂ ಹಂಗ ಅಲ್ಲೇನು" ಎನ್ನುತ್ತ ಅವಳು ಓಡಿಹೋಗಿ ದೀಪದ ಬತ್ತಿಗೆಂದು ಹಿಂಜಿಟ್ಟಿದ್ದ ಅರಳೆ ತಂದಳು. ಅವನು ಒಂದೊಂದೇ ತಂತಿ ಬಿಚ್ಚಿ ಕೊಟ್ಟ. ಅವಳು ಒಂದೊಂದರ ಬಾಯಿಯನ್ನೂ ಕೂಸಿನ ಕಿವಿ ಒರೆಸಿದಂತೆ ಒರೆಸಿ, ಉಳಿದ ಎಳೆಗಳನ್ನು ಉಗುರಿನಿಂದ ಹೆಕ್ಕಿದಳು.

ಹ್ಯಾಂಡಲ್ ಮತ್ತೆ ತಿರುಗಿತು. ಒಂದು ಸೀನು, ಇನ್ನೊಂದು. ಆಮೇಲೆ ಇಡೀ ಎಂಜಿನ್ ನಡುಗಿ ಎದ್ದಿತು. ಫ್ಯಾನಿನ ರೆಕ್ಕೆಗಳು ತಿರುಗಿ ತಿರುಗಿ ಕಣ್ಣಿಗೆ ಕಾಣದಾದವು.

"ಸೆರಗ ಹುಷಾರ್ರಿ, ಅವ್ವಾರ!"

ಹಾಲವ್ವ ಸೆರಗು ಸಿಕ್ಕಿಸಿದಳೇ ಹೊರತು ಹಿಂದೆ ಸರಿಯಲಿಲ್ಲ. ಅದರ ಕಾವು ಮುಖಕ್ಕೆ ಬಡಿಯುತ್ತಿತ್ತು. ಇಷ್ಟು ದಿನ ಅಂಗಳದಲ್ಲಿ ಇಂಥದೊಂದು ಜೀವವಿತ್ತು!

ಕಾರು ಎದ್ದದ್ದೇ ಗುದ್ಲೆಪ್ಪ ತಾನು ಬೇಡವೆಂದದ್ದನ್ನು ಮರೆತು ಮುಂದಿನ ಸೀಟಿಗೇರಿದ. ಹಿರೇಬೆಂಡಿಗೇರಿಯಲ್ಲಿ ಜನ ನೆರೆದರು. ಗುದ್ಲೆಪ್ಪ ಮಡ್‌ಗಾರ್ಡ್ ಮೇಲೆ ಕೈಯಿಟ್ಟು ನಿಂತ. ಸಿದ್ದವ್ವ ಮಗಳ ಮುಖವನ್ನು ಹತ್ತಿರ ಎಳೆದುಕೊಂಡು ಬಹಳ ಹೊತ್ತು ನೋಡಿದಳು. "ಕಾಣಾಕತ್ತೀಯವ್ವಾ, ಇನ್ನಾ ಕಾಣಾಕತ್ತೀ" ಎಂದಳು.

"ಬಾ, ಒಂದ ತೋರಿಸ್ತೇನಿ. ನಬೀಸಾಬ, ಅದನ್ನ ಎತ್ತು" ಎಂದು ಹಾಲವ್ವ ಬಾನೆಟ್ ತೋರಿಸಿದಳು.

ಕಾವಿಳಿದ ಹಿತ್ತಾಳೆಯ ಮೇಲೆ ಸಿದ್ದವ್ವ ಬೆರಳು ಆಡಿಸಿದಳು. ಕೊಳವೆಯ ಬುಡದವರೆಗೂ ಹೋದಳು, ಬೆರಳನ್ನು ಕಣ್ಣಿಗೆ ಹಿಡಿದು ನೋಡಿದಳು. ಮಸಿಯಿಲ್ಲ. ಸುತ್ತ ನಿಂತ ಹೆಂಗಸರೂ ಬಗ್ಗಿ ನೋಡಿದರು.

"ಸಂದಿನೂ ಬಿಟ್ಟಿಲ್ಲಲ್ಲ! ಇದನ್ನ ಯಾರು ತಿಕ್ಯಾರ?"

ಗುದ್ಲೆಪ್ಪ ಬಾಯಿ ತೆರೆಯುವ ಮೊದಲೇ ಹಾಲವ್ವ ಅಂದಳು, "ನಾನ."