ಬಿಳಿ ವೈರಿನ ಸಿಂಬೆ

ಶಲವಡಿಯ ಶಾರದವ್ವನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಊರಿನ ಮಂದಿ ಹೇಳುತ್ತಿದ್ದರು. ಆ ಸಿಟ್ಟು ಎಲ್ಲಿಂದ ಬಂತು ಎಂದು ಮಾತ್ರ ಅವರಲ್ಲಿ ಒಬ್ಬರೂ ಕೇಳಿದವರಲ್ಲ. ಗಂಡ ಶಂಕ್ರಪ್ಪ ಬದುಕಿದ್ದಾಗ ಅವಳು ನಕ್ಕರೆ ಓಣಿಯ ಆ ತುದಿಗೆ ಕೇಳಿಸುತ್ತಿತ್ತು. ಅದನ್ನು ಎಲ್ಲರೂ ಒಂದೇ ವರ್ಷದಲ್ಲಿ ಮರೆತುಬಿಟ್ಟರು.

ಶಂಕ್ರಪ್ಪನ ಹತ್ತಿರ ಒಂದು ಹಳೆಯ ಮಾರಿಸ್ ಕಾರಿತ್ತು. ಹತ್ತಿ ಚೆನ್ನಾಗಿ ಬಂದ ವರ್ಷ ಹುಬ್ಬಳ್ಳಿಯ ಅಡತಿ ವ್ಯಾಪಾರಿಯೊಬ್ಬನಿಂದ ಕೊಂಡದ್ದು. ಅದನ್ನು ಅವನು ಎತ್ತಿನ ಮೈ ತೊಳೆದ ಹಾಗೆ ತೊಳೆಯುತ್ತಿದ್ದ, ಕೆಟ್ಟರೆ ತಾನೇ ಬಿಚ್ಚಿ ತಾನೇ ಕೂಡಿಸುತ್ತಿದ್ದ. ಆಮೇಲೆ ಅವನ ಕಣ್ಣು ಮಂಜಾದವು. ಕಾರನ್ನು ಕೈಬಿಡಲು ಮನಸ್ಸು ಬರಲಿಲ್ಲ, ಹಾಗಾಗಿ ಹೆಂಡತಿಗೆ ಕಲಿಸಿದ. ಜೋಳ ಕೊಯ್ದು ಬಯಲಾದ ಎರಿ ಹೊಲದಲ್ಲಿ ಅವಳು ಸ್ಟೇರಿಂಗು ಹಿಡಿದು ಕಲಿತಳು. ಶಂಕ್ರಪ್ಪ ಬಾಜುಕ್ಕೆ ಕೂತು, ಮುಂದೇನಿದೆ ಎಂದು ತನಗೆ ಕಾಣದಿದ್ದರೂ ಎಡಕ್ಕೆ ತಿರುಗಿಸು, ಬಲಕ್ಕೆ ತಿರುಗಿಸು ಎಂದು ಹುಕುಂ ಕೊಡುತ್ತಿದ್ದ. ಇಂಜಿನ್ನಿನ ಕೆಲಸವೂ ಹಾಗೆಯೇ ನಡೆಯಿತು. ಅವನು ಹೇಳುವುದು, ಅವಳು ಕೈ ಹಾಕುವುದು. ಬಾಜುಕ್ಕೆ ಗಂಡ ಕೂತಿದ್ದನಲ್ಲ, ಅದಕ್ಕೇ ಊರೂ ಸುಮ್ಮನಿತ್ತು.

ಎಂಬತ್ಮೂರರ ಮಳೆಗಾಲದಲ್ಲಿ ಶಂಕ್ರಪ್ಪ ಜ್ವರ ಬಂದು ತೀರಿಕೊಂಡ. ಮಣ್ಣು ಮಾಡಿ ಬಂದ ದಿನ ಅತ್ತೆ ಅನ್ನವ್ವ ತಾನೇ ಎದುರಿಗೆ ಕೂತು ಸೊಸೆಯ ಕೈಯ ಹಸಿರು ಬಳೆ ತೆಗೆದಳು. ಅನ್ನವ್ವ ಹರೆಯದಲ್ಲೇ ಗಂಡನನ್ನು ಕಳೆದುಕೊಂಡವಳು. ಅವಳ ಕೈಯಿಂದಲೂ ಯಾರೋ ಹಾಗೆಯೇ ತೆಗೆದಿರಬೇಕು. ಅದು ಗೊತ್ತಿದ್ದೂ ಹೇಗೆ ಕೈ ಬಂತು ಎಂದು ಶಾರದವ್ವ ಮನಸ್ಸಿನಲ್ಲೇ ಕೇಳಿಕೊಂಡಳು. ಅವಳು ಆವತ್ತು ಅತ್ತೆಗೆ ಏನೂ ಅನ್ನಲಿಲ್ಲ, ಆಮೇಲೆ ಬೇಕಾದ್ದಕ್ಕಿಂತ ಹೆಚ್ಚು ಮಾತನ್ನೂ ಆಡಲಿಲ್ಲ.

ಕಾರು ಹತ್ತಿ ತುಂಬುವ ಕೋಣೆಯಲ್ಲಿ ನಿಂತಿತು. ಶಾರದವ್ವನ ಪಾಲಿನ ಹೊಲ ಹಳ್ಳದಾಚೆ, ನಡೆದು ಹೋಗಿ ಬರುವಷ್ಟು ಹತ್ತಿರದ್ದಲ್ಲ. ಮೈದುನ ಕುಬೇರಪ್ಪನ ಟ್ರ್ಯಾಕ್ಟರಿನಲ್ಲಿ ಹೋಗಬೇಕು. ಕೇಳಿದಾಗಲೆಲ್ಲ ಟ್ರ್ಯಾಕ್ಟರಿಗೆ ಬೇರೆ ಕೆಲಸ, ಇಲ್ಲವೇ ಡ್ರೈವರ್ ಇಲ್ಲ, ಇಲ್ಲವೇ ದಾರಿಯಲ್ಲಿ ಕೆಸರು. ಹೊಲದ ಸುದ್ದಿಯನ್ನು ಕುಬೇರಪ್ಪನೇ ತಂದು ಹೇಳುತ್ತಿದ್ದ: ಕಡ್ಲಿಗೆ ಹುಳ ಬಿದ್ದಿದೆ, ಹತ್ತಿ ಈ ಸಲ ಅಷ್ಟಕ್ಕಷ್ಟೇ. ತನ್ನ ಹೊಲದ ಬೆಳೆಯನ್ನು ತಾನು ಮೈದುನನ ಬಾಯಲ್ಲಿ ನೋಡಬೇಕಾಯಿತಲ್ಲ ಎಂದು ಶಾರದವ್ವನಿಗೆ ಮೈಯೆಲ್ಲ ಉರಿಯುತ್ತಿತ್ತು. ಕಾರೊಂದು ಓಡುವಂತಾದರೆ ಯಾರನ್ನೂ ಕೇಳಬೇಕಾಗಿಲ್ಲ. ಕಾರು ಹೋದರೆ ಹೊಲವೂ ಹೋದ ಹಾಗೆಯೇ, ಕಾಗದದಲ್ಲಿ ಯಾರ ಹೆಸರೇ ಇರಲಿ.

ವರ್ಷ ಕಳೆದ ಮೇಲೆ ಕುಬೇರಪ್ಪ ಹುಬ್ಬಳ್ಳಿಯಿಂದ ಗುಜರಿಯವನನ್ನು ಕರೆಸಿದ. ಶಾರದವ್ವ ಕೋಣೆಯ ಬಾಗಿಲಿಗೆ ಅಡ್ಡ ನಿಂತು ಗುಜರಿಯವನಿಗೆ ಅನ್ನಬಾರದ್ದನ್ನೆಲ್ಲ ಅಂದಳು. ಅವನು ಬಂದ ದಾರಿ ಹಿಡಿದ. ಗಲಾಟೆ ಮನೆಯ ಹಿರಿಯ ಶಂಭುಲಿಂಗಪ್ಪ ಕಾಕಾನ ಮುಂದೆ ಹೋಯಿತು. ಕಾಕಾ ಎರಡೂ ಕಡೆ ಕೇಳಿ, ಹಿಂಗಾರಿ ಬಿತ್ತನೆ ಶುರುವಾಗುವುದರೊಳಗೆ ಕಾರು ನವಲಗುಂದದಾಚೆಯ ಯಮನೂರಿಗೆ ಹೋಗಿ, ಯಾರೂ ನೂಕದೆ, ಎಳೆಯದೆ ತಿರುಗಿ ಬಂದರೆ ಅದು ಶಾರದವ್ವನದು, ಇಲ್ಲದಿದ್ದರೆ ಗುಜರಿಗೆ ಎಂದು ಹೇಳಿದ. ಕುಬೇರಪ್ಪ ನಗುತ್ತಲೇ ಒಪ್ಪಿಕೊಂಡ.

ಅವನ ನಗೆಗೆ ಕಾರಣವಿತ್ತು. ಬಾನೆಟ್ ಎತ್ತಿ ನೋಡಿದರೆ ಒಳಗೆ ಇಲಿಗಳ ಸಂಸಾರ ಸಾಗಿತ್ತು. ಹಳೆಯ ಕಾಲದ ವೈರುಗಳಿಗೆ ಮೇಲೆ ಅರಿವೆಯ ಹೊದಿಕೆ. ಅದನ್ನು ಇಲಿ ತಿಂದು, ಉಳಿದ ರಬ್ಬರು ಒಣಗಿ ಮುಟ್ಟಿದರೆ ಪುಡಿಯಾಗುತ್ತಿತ್ತು. ಇಂಜಿನ್ ಗಟ್ಟಿಯಾಗಿತ್ತು, ಆದರೆ ಬ್ಯಾಟರಿಯಿಂದ ಹಿಡಿದು ದೀಪದವರೆಗೆ ಎಲ್ಲ ವೈರಿಂಗನ್ನು ಹೊಸದಾಗಿಯೇ ಕಟ್ಟಬೇಕಿತ್ತು. ಶಾರದವ್ವ ಹಳೆಯ ಕಟ್ಟನ್ನು ಇಡಿಯಾಗಿ ಬಿಚ್ಚಿ ಹೊರಗೆ ತಂದಳು. ಅಂಗಳದಲ್ಲಿ ಅದು ಹೇಗಿತ್ತೋ ಹಾಗೆ ಹಾಸಿ, ಕವಲು ಒಡೆಯುವ ಕಡೆಯೆಲ್ಲ ಗೂಟ ಹೊಡೆದಳು. ಆ ಗೂಟಗಳ ನಡುವೆ ಹೊಸ ವೈರು ಎಳೆದರೆ ಅಳತೆ ತಪ್ಪುವುದಿಲ್ಲ.

ವೈರು ತರಲು ತಾನೇ ಅಣ್ಣಿಗೇರಿಗೆ ಹೋಗುತ್ತೇನೆ ಎಂದಳು. ಅನ್ನವ್ವ ಬೇಡವೆಂದಳು. ಗಂಡ ಸತ್ತ ಹೆಂಗಸು ಪೇಟೆಯಲ್ಲಿ ವೈರು ಹುಡುಕಿಕೊಂಡು ತಿರುಗಿದರೆ ಮಂದಿ ಆಡಿಕೊಳ್ಳುತ್ತಾರೆ ಎಂಬುದು ಅವಳ ಮಾತು. ಆಗ ಕುಬೇರಪ್ಪ, ಕಾಕಾನಿಗೆ ಕೇಳಿಸುವ ಹಾಗೆ, ತಾನೇ ತಂದುಕೊಡುತ್ತೇನೆ ಎಂದ. ಶಾರದವ್ವ ಅವನಿಗೆ ಬಿಡಿಸಿ ಹೇಳಿದಳು: ಬ್ಯಾಟರಿಗೆ, ಡೈನಮೋಕ್ಕೆ ದಪ್ಪನೆಯದು, ದೀಪಕ್ಕೆ ಅದಕ್ಕಿಂತ ಸಣ್ಣದು, ಇಂಜಿನ್ನಿಗೆ ಕಿಡಿ ಕೊಡುವ ಕಾಯಿಲ್‌ಗೆ ಇನ್ನೂ ಸಣ್ಣದು, ಒಂದೊಂದಕ್ಕೆ ಒಂದೊಂದು ಬಣ್ಣ.

ಅವನು ತಂದದ್ದು ಒಂದೇ ಸಿಂಬೆ. ಬಿಳಿ ವೈರು, ಒಂದೇ ದಪ್ಪ, ಮನೆಯ ಗೋಡೆಗೆ ಬಲ್ಬು ಹಾಕಲು ಬಳಸುವಂಥದ್ದು. ಅಂಗಡಿಯಲ್ಲಿ ಇದ್ದದ್ದು ಇದೇ ಎಂದು ಹೇಳಿ ಕಟ್ಟೆಯ ಮೇಲೆ ಒಗೆದು ಹೋದ.

ಅಲ್ಲಿಯೇ ಅದನ್ನು ತಿರುಗಿ ಅವನ ಮುಖಕ್ಕೆ ಎಸೆದಿದ್ದರೆ ಸರಿಯಾಗುತ್ತಿತ್ತು. ಆದರೆ ಸಿಟ್ಟು ಬಂದಾಗ ಶಾರದವ್ವನಿಗೆ ಹಟವೂ ಬರುತ್ತಿತ್ತು. ಇದರಲ್ಲೇ ಕಟ್ಟಿ ತೋರಿಸುತ್ತೇನೆ ಎಂದು ಕೂತಳು. ಯಾವ ತುದಿ ಯಾವುದರದ್ದು ಎಂದು ಗುರುತಿಗೆ ದಾರ ಕಟ್ಟುವ ವ್ಯವಧಾನವೂ ಅವಳಿಗಿರಲಿಲ್ಲ. ಹಲ್ಲು ಕಚ್ಚಿಕೊಂಡು ಎಳೆದಳು, ಕಟ್ಟಿದಳು, ಕಾರಿಗೆ ಕೂಡಿಸಿದಳು. ಬ್ಯಾಟರಿಗೆ ತಗುಲಿಸಿದ ಕೂಡಲೇ ಬುಸ್ಸೆಂದು ಹೊಗೆ ಎದ್ದಿತು. ಬ್ಯಾಟರಿಯಿಂದ ಬಂದ ವೈರು ದೀಪಕ್ಕೆ ಹೋಗುವ ಬದಲು ಗಾಡಿಯ ಕಬ್ಬಿಣಕ್ಕೇ ಹೋಗಿ ಕೂತಿತ್ತು. ಎಲ್ಲ ಬಿಳಿ, ಎಲ್ಲ ಒಂದೇ ದಪ್ಪ, ತಿಳಿಯುವುದಾದರೂ ಹೇಗೆ? ಅವಳು ಬರಿಗೈಯಲ್ಲೇ ವೈರು ಕಿತ್ತೆಳೆದಳು. ಅಂಗೈ ಸುಟ್ಟಿತು. ಕುಬೇರಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅವನು ಹಾಗೆ ನೋಡಿ ಹೊರಟುಹೋದದ್ದು ಅವಳಿಗೆ ಸುಟ್ಟ ಗಾಯಕ್ಕಿಂತ ಹೆಚ್ಚು ಉರಿಯಿತು.

ಮರುದಿನ ಅವಳು ಯಾರ ಮಾತನ್ನೂ ಕಿವಿಯ ಮೇಲೆ ಹಾಕಿಕೊಳ್ಳದೆ ಅಣ್ಣಿಗೇರಿಯ ಬಸ್ಸು ಹತ್ತಿದಳು. ಕೈಯಲ್ಲಿ ಅರ್ಧ ಸುಟ್ಟ ಬಿಳಿ ಸಿಂಬೆ. ಬಸ್ ಸ್ಟ್ಯಾಂಡಿನ ಹಿಂದೆ ಮೋಟಾರು ಸಾಮಾನಿನ ಅಂಗಡಿಯೊಂದಿತ್ತು. ಗಂಡ ಹಾಸಿಗೆ ಹಿಡಿದ ಮೇಲೆ ಫಾತಿಮಾಬಿ ಅದನ್ನು ನಡೆಸುತ್ತಿದ್ದಳು. ಒಳಗೆ ಕಾಲಿಟ್ಟ ಶಾರದವ್ವ ಅಲ್ಲೇ ನಿಂತುಬಿಟ್ಟಳು. ಗೋಡೆಯ ಮೊಳೆಗಳಿಗೆ ವೈರಿನ ಸಿಂಬೆಗಳು ಸಾಲಾಗಿ ತೂಗುತ್ತಿದ್ದವು: ಕೆಂಪು, ಹಳದಿ, ನೀಲಿ, ಕಪ್ಪು, ಹಸಿರು. ಸಣ್ಣದು, ದಪ್ಪದು, ಎಲ್ಲವೂ ಇತ್ತು.

ಬಿಳಿ ಸಿಂಬೆಯನ್ನು ನೋಡಿದ ಕೂಡಲೇ ಫಾತಿಮಾಬಿಗೆ ಗುರುತು ಹತ್ತಿತು. ಅವಳು ಸೆರಗು ಸರಿಮಾಡಿಕೊಂಡಳು. ಆಮೇಲೆ ಮುಚ್ಚಿಡದೆ ಹೇಳಿದಳು.

"ಇದನ್ನ ಒಯ್ದವರಿಗೆ ನಾ ಬಣ್ಣಬಣ್ಣದ್ದ ತಗದ ಇಟ್ಟಿದ್ದೆ ನೋಡ್ರಿ. ಮೋಟಾರಿಗೆ ಇದ ಬೇಕಾಗತೈತಿ ಅಂತ ಹೇಳಿದ್ದೆ. ಅವರ ಬ್ಯಾಡ ಅಂದ್ರು. ಅದು ಗಂಡ ಸತ್ತಾಕಿ ಗಾಡಿ ಐತಿ, ಹಸರು ಕೆಂಪು ಚಂದ ಕಾಣಂಗಿಲ್ಲ, ಬಿಳೇದ ಕೊಡ್ರಿ ಅಂದ್ರು."

ಶಾರದವ್ವನ ಕಿವಿ ಬಿಸಿಯಾದವು. ಕೈಯ ಬಳೆ ಹೋಯಿತು, ಹಣೆಯ ಕುಂಕುಮ ಹೋಯಿತು, ಸೀರೆಯ ಬಣ್ಣ ಹೋಯಿತು. ಅಷ್ಟು ಸಾಲದೆ ಇಂಜಿನ್ನಿನ ಒಳಗೆ, ಎಣ್ಣೆ ಮಸಿಯ ನಡುವೆ, ಯಾವ ಸೂಳೆಮಗನೂ ಬಗ್ಗಿ ನೋಡದ ಜಾಗದಲ್ಲಿಯೂ ಅವಳಿಗೆ ಬಣ್ಣ ಇರಬಾರದೆ? ಕುಬೇರಪ್ಪ ಗಾಡಿ ಕೆಡಿಸಲೆಂದೇ ಹೀಗೆ ಮಾಡಿದ್ದರೆ ಅವಳಿಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಅವನು ಇದನ್ನು ಮರ್ಯಾದೆಯೆಂದು ತಿಳಿದು ಮಾಡಿದ್ದ. ಅದನ್ನೇ ಅವಳಿಗೆ ಸಹಿಸಲಾಗಲಿಲ್ಲ.

ಅವಳು ಗೋಡೆಯ ಕಡೆ ಕೈ ತೋರಿಸಿದಳು. "ಎಲ್ಲಾ ಬಣ್ಣದ್ದೂ ಕೆಳಗ ಇಳಸ್ರಿ," ಎಂದಳು.

ಆಮೇಲೆ ವೈರು ಆರಿಸಲು ಕೂತಳು. ಸಿಟ್ಟಿತ್ತು, ಆದರೆ ಈ ಸಲ ಹಟವಿರಲಿಲ್ಲ. ಒಂದೊಂದರ ತುದಿಯನ್ನು ಬ್ಲೇಡಿನಿಂದ ಹೆರೆದು ಒಳಗೆ ಎಷ್ಟು ಎಳೆ ಇವೆ ಎಂದು ನೋಡಿದಳು. ಒಂದೇ ದಪ್ಪ ತಂತಿ ಇದ್ದದ್ದನ್ನು ಹಿಂದೆ ಮುಂದೆ ಬಗ್ಗಿಸಿದಳು, ನೋಡನೋಡುವುದರಲ್ಲಿ ಅದು ಮುರಿದು ಕೈಗೆ ಬಂತು. ಗೋಡೆಯಲ್ಲಿ ಅಲ್ಲಾಡದೆ ಕೂರುವ ವೈರು ಅದು, ದಿನವಿಡೀ ನಡುಗುವ ಇಂಜಿನ್ನಿಗೆ ಆಗುವಂಥದ್ದಲ್ಲ. ಕೂದಲಿನಂಥ ತಾಮ್ರದ ಎಳೆಗಳು ತುಂಬಿದ್ದವನ್ನು ಬದಿಗಿಟ್ಟಳು. ಕೆಲವುಗಳ ಹೊದಿಕೆಯನ್ನು ಉಗುರಿನಿಂದ ಒತ್ತಿದಳು. ಉಗುರಿಗೆ ಬಗ್ಗುವಷ್ಟು ಮೆತ್ತಗಿದ್ದದ್ದು ಬೇಡವೆಂದಳು, ಇಂಜಿನ್ನಿನ ಕಾವಿಗೆ ಅದು ಕರಗಿ ಹೋಗುತ್ತದೆ. ಇಂಜಿನ್ನಿಗೆ ತಾಗುವ ಕಡೆ ವೈರಿಗೆ ತೊಡಿಸಲು ಫಾತಿಮಾಬಿ ಕಾವು ತಡೆಯುವ ಕರಿ ಸ್ಲೀವು ತೆಗೆದುಕೊಟ್ಟಳು. ಅಳತೆಯನ್ನು ಶಾರದವ್ವ ಕೈ ಚಾಚಿ ಮಾರಿನಲ್ಲೇ ಹಾಕಿದಳು, ಬಿಗಿಯಾದೀತೆಂದು ಪ್ರತಿಯೊಂದಕ್ಕೂ ಒಂದು ಮೊಳ ಹೆಚ್ಚು. ಕೆಂಪು ದಪ್ಪನೆಯದು ಬ್ಯಾಟರಿಗೆ ಮತ್ತು ಡೈನಮೋಕ್ಕೆ, ಹಳದಿ ದೀಪಕ್ಕೆ, ನೀಲಿ ಹಾರ್ನಿಗೆ, ಕಪ್ಪು ಅರ್ಥಿಂಗಿಗೆ. ಕಾಯಿಲ್ ವೈರಿಗೆ ಬಂದಾಗ ಫಾತಿಮಾಬಿ ಯಾವ ಬಣ್ಣ ಎಂದು ಕೇಳಲಿಲ್ಲ, ಹಸಿರು ಸಿಂಬೆಯನ್ನು ತಾನೇ ಮುಂದಕ್ಕೆ ಸರಿಸಿದಳು.

ಅಂಗಳದ ಗೂಟಗಳ ನಡುವೆ ಈ ಸಲ ವೈರುಗಳು ತಪ್ಪದೆ ತಮ್ಮ ತಮ್ಮ ದಾರಿ ಹಿಡಿದವು. ನೋಡಲು ಬಂದ ಕುಬೇರಪ್ಪನ ಮುಖ ಸಣ್ಣದಾಯಿತು. ಬೇಕಿದ್ದರೆ ಗಾಡಿ ಓಡಲಿ, ಆದರೆ ಎಲ್ಲದರ ಮೇಲೆ ಕರಿ ಟೇಪು ಸುತ್ತಿ ಮುಚ್ಚಿಬಿಡಿ ಎಂದು ಅವನು ದನಿ ತಗ್ಗಿಸಿ ಹೇಳಿದ. ನಿಜ ಹೇಳಬೇಕೆಂದರೆ ವೈರಿಂಗ್ ಕಟ್ಟಿಗೆ ಟೇಪು ಸುತ್ತುವುದೇ ಪದ್ಧತಿ, ಶಾರದವ್ವ ಅದಕ್ಕೆಂದೇ ಟೇಪು ತಂದಿಟ್ಟಿದ್ದಳು. ಅವನು ಆ ಮಾತು ಆಡಿದ ಮೇಲೆ ಟೇಪನ್ನು ಎತ್ತಿ ಗೋಡೆಯ ಮಾಡದಲ್ಲಿಟ್ಟಳು. ಗೇಣಿಗೊಂದು ಕಡೆ ನೂಲಿನ ಹುರಿಯಿಂದ ಬಿಗಿದು ಗಂಟು ಹಾಕಿದಳು. ಬಣ್ಣಗಳೆಲ್ಲ ಮೇಲೆಯೇ ಕಾಣುತ್ತಿದ್ದವು.

ಹೋಗುವ ದಿನ ಕಾಕಾ ಬಡಿಗೆ ಹಿಡಿದು ಹಿಂದೆ ಕೂತ. ಕುಬೇರಪ್ಪ ಮುಂದೆ, ಶಂಕ್ರಪ್ಪ ಕೂರುತ್ತಿದ್ದ ಜಾಗದಲ್ಲಿಯೇ ಕೂತ. ಶಾರದವ್ವ ಅದಕ್ಕೂ ಹಲ್ಲು ಕಚ್ಚಿದಳು. ಗಾಡಿ ಒಂದೇ ಸಲಕ್ಕೆ ಎದ್ದಿತು. ನವಲಗುಂದ ದಾಟಿ ಯಮನೂರಿನ ದರ್ಗಾದ ಮುಂದೆ ನಿಂತಾಗ, ಇಂಜಿನ್ ಬಂದ್ ಮಾಡಿ, ಕಾಕಾ ಇಳಿದು ಕೈ ಮುಗಿದು ಬರಲಿ ಎಂದು ಕುಬೇರಪ್ಪ ಹೇಳಿದ. ತಿರುಗಿ ಏಳುವುದಿಲ್ಲ ಎಂಬ ಆಸೆ ಅವನದು. ಅವಳು ಬಂದ್ ಮಾಡಿದಳು. ಕಾಕಾ ನಿಧಾನವಾಗಿ ಹೋಗಿ, ನಿಧಾನವಾಗಿ ಬಂದ. ಅವಳು ಮೈದುನನ ಮುಖವನ್ನೇ ನೋಡುತ್ತ ಸ್ಟಾರ್ಟರ್ ಎಳೆದಳು. ಇಂಜಿನ್ ಎದ್ದಿತು. ಕುಬೇರಪ್ಪ ಕಿಟಕಿಯ ಕಡೆಗೆ ಮುಖ ತಿರುಗಿಸಿದ.

ಮನೆಯ ಮುಂದೆ ಬಂದು ನಿಂತಾಗ ಓಣಿಯ ಮಂದಿಯೆಲ್ಲ ಕಟ್ಟೆಯ ಮೇಲಿದ್ದರು. ಕಾಕಾ ಇಳಿದು, ಗಾಡಿ ಶಾರದವ್ವನದು ಎಂದಷ್ಟೇ ಹೇಳಿ ಒಳಗೆ ನಡೆದ. ಕುಬೇರಪ್ಪನಿಗೆ ತಡೆಯಲಾಗಲಿಲ್ಲ. ಬಾನೆಟ್ ಎತ್ತಿ ಎಲ್ಲರೂ ನೋಡುವಂತೆ ಬೆರಳು ಮಾಡಿದ.

"ಇದೇನ್ರಿ ವೈನಿ, ಮದವಿ ಹಂದರ ಹಾಕಿದಂಗ ಮಾಡೀರಿ. ಅಣ್ಣ ಹೋಗಿ ಎಷ್ಟ ದಿನಾ ಆತು?"

ಶಾರದವ್ವ ಹೋಗಿ ಅವನ ಎದುರಿಗೆ ನಿಂತಳು. ದನಿ ಏರಿಸಲಿಲ್ಲ.

"ನನ್ನ ಕೈಯಾಗಿನ ಹಸರ ಬಳಿ ತಗದ್ರಿ, ನಾ ಸುಮ್ಮನಿದ್ದೆ. ಈ ಹಸರ ವೈರ್ ಕಾಯಿಲ್‌ಗೆ ಹೋಗತೈತಿ ಕುಬೇರಪ್ಪ. ಇದನ್ನ ಕಿತ್ತರ ಗಾಡಿ ನಿಲ್ಲತೈತಿ. ಕೀಳೂದಿದ್ರ ಈಗ, ಎಲ್ಲಾರ ಮುಂದ ಕೀಳು."

ಕುಬೇರಪ್ಪನ ಕೈ ಬಾನೆಟ್ಟಿನ ಅಂಚಿನ ಮೇಲಿತ್ತು. ಅಲ್ಲಿಂದ ಅದು ಕೆಳಗೆ ಇಳಿಯಿತು. ಅವನು ಹೆಗಲ ಮೇಲಿನ ಟವೆಲು ಜಾಡಿಸಿ ಮಂದಿಯ ನಡುವೆ ಹಾದು ಹೋದ. ಶಾರದವ್ವನ ಸಿಟ್ಟು ಇನ್ನೂ ನೆತ್ತಿಯ ಮೇಲೆಯೇ ಇತ್ತು. ಬಾನೆಟ್ಟನ್ನು ಧಡ್ಡೆಂದು ಮುಚ್ಚಲು ಕೈ ಎತ್ತಿದಳು.

ಅಷ್ಟರಲ್ಲಿ ಅನ್ನವ್ವ ಕಟ್ಟೆ ಇಳಿದು ಬಂದಳು. ಬಂದು ಗಾಡಿಯ ಮುಂದೆ ಬಗ್ಗಿದಳು. ಬರಿಗೈಯ ಒಂದು ಬೆರಳಿನಿಂದ ಹಸಿರು ವೈರನ್ನು ಮುಟ್ಟಿ, ಅದು ಹೋದ ಕಡೆಗೆಲ್ಲ ಬೆರಳು ಸರಿಸಿಕೊಂಡು ಹೋದಳು.

ಶಾರದವ್ವ ಅವಳನ್ನು ದುರುಗುಟ್ಟಿ ನೋಡಿದಳು. ಬಳೆ ತೆಗೆದದ್ದೂ ಇದೇ ಕೈ. ಅದನ್ನು ಅವಳು ಮರೆಯುವವಳಲ್ಲ, ಈವತ್ತೂ ಮರೆಯಲಿಲ್ಲ.

"ಅತ್ತಿ, ಸರೀರಿ. ಮುಚ್ಚತೀನಿ," ಎಂದಳು.

ಅನ್ನವ್ವ ತಲೆ ಎತ್ತಲಿಲ್ಲ. "ತಡಿಯವಾ," ಎಂದಳು. "ನಾ ಇನ್ನೂ ನೋಡಿಲ್ಲ."

ಶಾರದವ್ವ ಸುಟ್ಟ ಅಂಗೈಯಲ್ಲಿ ಬಾನೆಟ್ ಹಿಡಿದುಕೊಂಡು ನಿಂತಳು.